ಹೆಬ್ಬೆಟ್ಟಿನ ಹಾಜರಿ

ಇಡೀ ನಾಗಪುರದಲ್ಲಿ ಕಿತ್ತಳೆ ಹಣ್ಣನ್ನು ಚಾಕುವಿನಿಂದ ಸುಲಿಯುವವನು ನಂಜುಂಡನೊಬ್ಬನೇ. ಆ ಮಂಗಳವಾರ ಬೆಳಿಗ್ಗೆ, ಎಡಚನಾದ ಅವನ ಚಾಕು ಸಿಪ್ಪೆಯನ್ನು ಬಿಟ್ಟು ಬಲಗೈ ಹೆಬ್ಬೆರಳನ್ನು ಸುಲಿಯಿತು.

"ಕೃತಿ, ರಕ್ತ" ಎಂದ, ಅದು ಬೇರೆ ಯಾರದ್ದೋ ಎನ್ನುವಷ್ಟು ಆಶ್ಚರ್ಯದಿಂದ.

ಹೆಂಡತಿ ಕೃತಿ ಚರ್ಮದ ಗಾಯ ಹೇಗೆ ಮಾಯುತ್ತದೆ ಎಂದು ಸಂಶೋಧನೆ ಮಾಡುವವಳು. ಬೆರಳನ್ನು ನಲ್ಲಿಯ ಕೆಳಗೆ ತೊಳೆದು, ಕಿಟಕಿಯ ಬೆಳಕಿಗೆ ಹಿಡಿದು, ಒಡವೆ ನೋಡುವವಳಂತೆ ನೋಡಿದಳು.

"ಮೇಲ್ಮೇಲೆ ಕುಯ್ದಿದೆ, ಅಷ್ಟೇ. ಕುಯ್ದ ತಕ್ಷಣ ಅಂಚಿನ ಜೀವಕೋಶಗಳೊಳಗೆ ಕ್ಯಾಲ್ಸಿಯಂ ನುಗ್ಗುತ್ತೆ ಕಣ್ರೀ. ಒಂದು ಕೋಶ ಪಕ್ಕದ್ದಕ್ಕೆ ಸುದ್ದಿ ಮುಟ್ಟಿಸುತ್ತೆ, ಅದು ಅದರ ಪಕ್ಕದ್ದಕ್ಕೆ. ಸುದ್ದಿ ಸಿಕ್ಕಿದ್ದೆಲ್ಲ ಸರಿದು ಬಂದು ಗಾಯ ಮುಚ್ಚುತ್ತೆ. ನೀವು ಸುಮ್ನೆ ಇದ್ರೆ ಸಾಕು."

ಮನೀಶ್ ನಗರದ ಆ ಅಪಾರ್ಟ್‌ಮೆಂಟಿನಲ್ಲಿ ಸುಮ್ಮನಿರುವುದು ಯಾರ ಕೈಯಲ್ಲೂ ಇರಲಿಲ್ಲ. ಹಾಲಿನ ಪಾಕೀಟು ತೆಗೆದುಕೊಳ್ಳಲು ಬಾಗಿಲಿಗೆ ಬಂದಿದ್ದ ಎದುರುಮನೆಯ ಸುಲೋಚನಾಬಾಯಿಯ ಕಿವಿಗೆ ಬಿದ್ದದ್ದು ಕ್ಯಾಲ್ಸಿಯಂ ಒಂದೇ. ಕೃತಿ ಲ್ಯಾಬಿಗೆ ಹೊರಟು ಲಿಫ್ಟ್ ಹತ್ತಿದಳೋ ಇಲ್ಲವೋ, ಆಕೆ ಬಟ್ಟಲು ಹಿಡಿದು ಒಳಗೆ ಬಂದರು.

"ಕ್ಯಾಲ್ಸಿಯಂ ಅಂದ್ರ ಸುಣ್ಣನ ಅಲ್ರಿ? ಅರಿಷಿಣ ಕಲಿಸೇನಿ. ಬೆರಳ ಕೊಡ್ರಿ ಇಲ್ಲೆ."

"ಬೇಡ ಆಂಟಿ. ಅವಳು ಸುಮ್ನಿರಿ ಅಂದಿದಾಳೆ."

"ಆಕಿ ಪುಸ್ತಕ ಓದಿ ಹೇಳ್ತಾಳ. ನಾವು ಧಾರವಾಡದಾಗ ಹಚ್ಚಿ ನೋಡೇವಿ."

ಹಚ್ಚಿದ್ದೇ ತಡ, ನಂಜುಂಡ ಕುರ್ಚಿಯಿಂದ ಮೇಲಕ್ಕೆ ಹಾರಿದ. "ಹಿಡೀತು" ಎಂದರು ಆಕೆ ತೃಪ್ತಿಯಿಂದ.

ಅರಿಶಿನಕ್ಕೆ ಸುಣ್ಣ ಸೇರಿ ಬೆರಳು ಆರತಿ ನೀರಿನಂತೆ ಕೆಂಪಾಗಿತ್ತು. ಅವನು ಆಫೀಸಿಗೆಂದು ಇಳಿದು ಬಂದಾಗ, ಕೆಳಗೆ ಸ್ಕೂಟರ್ ತೆಗೆಯುತ್ತಿದ್ದ, ವಾಯುಪಡೆಯಿಂದ ನಿವೃತ್ತರಾದ ನೆರೆಮನೆಯ ಉತ್ತಪ್ಪ ಅದನ್ನು ರಕ್ತವೆಂದೇ ತಿಳಿದರು. ಮರುಮಾತಿಗೆ ಅವಕಾಶ ಕೊಡದೆ ಮಣಿಕಟ್ಟಿನವರೆಗೆ ಬ್ಯಾಂಡೇಜ್ ಸುತ್ತಿ, ಹಿಂದೆ ಕೂರಿಸಿಕೊಂಡು ಆಫೀಸಿಗೆ ಹೊರಟರು. "ಕೈ ಮೇಲೆತ್ತಿ ಹಿಡ್ಕೊಳ್ಳಿ, ರಕ್ತ ಇಳಿಯೋದಿಲ್ಲ" ಎಂದು ಅಪ್ಪಣೆಯಾದ್ದರಿಂದ, ವಾರ್ಧಾ ರಸ್ತೆಯುದ್ದಕ್ಕೂ ನಂಜುಂಡ ಜನರನ್ನು ಆಶೀರ್ವದಿಸುತ್ತ ಸಾಗಿದ. ಸಿಗ್ನಲ್ಲಿನಲ್ಲಿ ಒಬ್ಬರು ಕೈಯನ್ನೂ ಮುಗಿದರು.

ಸೀತಾಬರ್ಡಿಯ ಆಫೀಸಿನಲ್ಲಿ ಹಾಜರಿ ಹಾಕುವುದು ಹೆಬ್ಬೆಟ್ಟಿನ ಯಂತ್ರ. ಬ್ಯಾಂಡೇಜ್ ಬಿಚ್ಚಿ ಒತ್ತಿದ. ಯಂತ್ರ ಕುಂಯ್ ಎಂದು ತಿರಸ್ಕರಿಸಿತು. ಸುಣ್ಣ ತೊಳೆದು ಒತ್ತಿದ, ಮತ್ತೆ ಕುಂಯ್. ಬಲಗೈ ಹೆಬ್ಬೆಟ್ಟಲ್ಲದೆ ಬೇರೆ ಬೆರಳನ್ನು ಅದು ಒಪ್ಪುವುದಿಲ್ಲ. ಭಾನುವಾರ ಮೈಸೂರಿನಲ್ಲಿ ತಂಗಿಯ ಮದುವೆ; ತಂದೆಯಿಲ್ಲದ ಮನೆಯಲ್ಲಿ ಧಾರೆ ಎರೆಯಬೇಕಾದವನು ಇವನೇ. ಶುಕ್ರವಾರದವರೆಗೆ ಒಂದು ದಿನದ ಹಾಜರಿ ತಪ್ಪಿದರೂ ರಜೆ ರದ್ದು ಎಂದು ಮೇಲಧಿಕಾರಿ ಗಾವಂಡೆ ಮೊದಲೇ ಹೇಳಿದ್ದರು.

"ಸಾಹೇಬ್, ನಾನು ನಿಮ್ಮ ಎದುರಿಗೇ ನಿಂತಿದೀನಲ್ಲ" ಎಂದು ನಂಜುಂಡ ಹಿಂದಿಯಲ್ಲಿ ಗೋಗರೆದ.

"ನನಗೆ ಕಾಣ್ತಿದೀರಿ ನಂಜುಂಡಜೀ. ಮಶೀನಿಗೆ ಕಾಣ್ತಿಲ್ಲ" ಎಂದರು ಗಾವಂಡೆ.

ಸಹೋದ್ಯೋಗಿಗಳು ಬೆರಳಿಗೆ ತೆಂಗಿನೆಣ್ಣೆ ಸವರಿದರು, ಪೌಡರ್ ಹಚ್ಚಿದರು, ಸರದಿಯ ಮೇಲೆ ಊದಿದರು. ಯಂತ್ರ ಹಟ ಬಿಡಲಿಲ್ಲ. ಮಧ್ಯಾಹ್ನ, ಅವನ ಪುಣ್ಯಕ್ಕೆ, ಅಪರೂಪಕ್ಕೊಮ್ಮೆ ಬರುವ ಯಂತ್ರದ ಕಂಪನಿಯವನು ಪುಣೆಯಿಂದ ಬಂದಿಳಿದ. ನಂಜುಂಡ ಅವನಿಗೆ ಚಹಾ ಕುಡಿಸಿದ, ತಂಗಿಯ ಮದುವೆಯ ಕತೆ ಹೇಳಿದ, ಕಣ್ಣನ್ನೂ ಒರೆಸಿಕೊಂಡ. ಕರಗಿದ ಕಂಪನಿಯವನು ಹಳೆಯ ಗುರುತನ್ನು ಅಳಿಸಿ, ಗಾಯದ ಗೀಟು ಸಮೇತ ಹೆಬ್ಬೆಟ್ಟನ್ನು ಹೊಸದಾಗಿ ದಾಖಲಿಸಿದ. ಯಂತ್ರ "ಧನ್ಯವಾದ್" ಎಂದಿತು. ಇಡೀ ಆಫೀಸು ಚಪ್ಪಾಳೆ ತಟ್ಟಿತು.

"ಇನ್ನು ಏನೇ ಬದಲಾಯಿಸಬೇಕಾದರೂ ನಾನೇ ಬರಬೇಕು. ಅದು ದೀಪಾವಳಿ ಆದ ಮೇಲೇ" ಎಂದು ಹೇಳಿ ಅವನು ಸಂಜೆಯ ರೈಲು ಹಿಡಿದ.

ಗೆದ್ದ ಹುರುಪಿನಲ್ಲಿ ಮನೆಗೆ ಬಂದ ನಂಜುಂಡ ಕಾಫಿ ಹೀರುತ್ತ ಎಲ್ಲವನ್ನೂ ಹೇಳತೊಡಗಿದ. ಕೃತಿ ಅರ್ಧ ಕಿವಿಯಲ್ಲಿ ಕೇಳುತ್ತ ಬೆರಳನ್ನು ದೀಪಕ್ಕೆ ಹಿಡಿದಳು. ಅವಳ ಮುಖ ಅರಳಿತು.

"ಸುಣ್ಣ ಮೆತ್ತಿದ್ರೂ ಅಂಚು ಎಷ್ಟು ಚೆನ್ನಾಗಿ ಕೂಡ್ಕೊಳ್ತಿದೆ ನೋಡಿ. ನಾಡಿದ್ದಷ್ಟೊತ್ತಿಗೆ ಈ ಗೀಟು ಹುಡುಕಿದ್ರೂ ಸಿಗಲ್ಲ. ಬೆರಳಿನ ಗೆರೆಯೆಲ್ಲ ಮೊದಲಿದ್ದ ಹಾಗೇ ಬಂದ್ಬಿಡುತ್ತೆ."

ಕಾಫಿ ಲೋಟ ತುಟಿಯ ಹತ್ತಿರವೇ ನಿಂತಿತು.

"ಮೊದಲಿದ್ದ ಹಾಗೇನಾ?"

"ಹೂಂ. ಥೇಟ್ ಹಾಗೇ."

ನಂಜುಂಡ ಲೋಟ ಕೆಳಗಿಟ್ಟ. ಆಮೇಲೆ ದನಿ ತಗ್ಗಿಸಿ ಕೇಳಿದ: "ಆ ನಿನ್ನ ಕ್ಯಾಲ್ಸಿಯಮ್ಮಿಗೆ ಶುಕ್ರವಾರ ಸಂಜೆವರೆಗೆ ಸ್ವಲ್ಪ ತಡ್ಕೋ ಅಂತ ಹೇಳೋಕಾಗುತ್ತಾ?"