ದಬದಬಿ ನೋಡಲು ಹೋದವರು

ನಿಜಾಮನ ಪರ ದಾಳಿಯಿಡುತ್ತಿದ್ದ ರಜಾಕಾರರ ಹೆದರಿಕೆಗೆ ಊರು ಬಿಟ್ಟು ಸೊಲ್ಲಾಪುರದ ಕಡೆಯ ಕ್ಯಾಂಪಿನಲ್ಲಿ ತಗಡಿನ ಕೆಳಗೆ ದಿನ ನೂಕುತ್ತಿದ್ದಾಗ, ಅಳುತ್ತಿದ್ದ ಹೆಂಡತಿ ಗೌರಾಬಾಯಿಯ ಸಮಾಧಾನಕ್ಕೆ ಜಿಡಗಾದ ದೇವಿಂದ್ರಪ್ಪ ಒಂದು ಮಾತು ಆಡಿಬಿಟ್ಟ.

“ಊರಿಗಿ ಹೋದ ಮ್ಯಾಲ ನಿನಗ ಗುಡ್ಡದಾಗಿನ ದಬದಬಿ ತೋರಸ್ತೇನಿ. ಮುಗಿಲು ಹರಿದು ನೀರು ಬಿದ್ದಂಗ ಬೀಳ್ತದ. ನಾ ಹತ್ತು ಸಲ ನೋಡೇನಿ.”

ಅವನು ಒಂದು ಸಲವೂ ನೋಡಿರಲಿಲ್ಲ.

ನಿಜಾಮನ ಆಳ್ವಿಕೆ ಮುಗಿಯಿತು, ಊರಿಗೆ ಮರಳಿದರು, ಬಿದ್ದ ಗೋಡೆ ಎತ್ತಿದರು. ಗೌರಾಬಾಯಿ ಮಾತ್ರ ದಬದಬಿ ಮರೆಯಲಿಲ್ಲ. ಗುಡ್ಡದ ಆ ನೀರು ಎಳ್ಳಮಾಸಿ, ಅಂದರೆ ಎಳ್ಳ ಅಮಾವಾಸ್ಯೆ, ದಾಟಿದರೆ ಬತ್ತುವಂಥದ್ದು. ಎಳ್ಳಮಾಸಿಯ ನಸುಕಿನಲ್ಲೇ ಅವಳು ಹೇಳಿದಳು:

“ಇವತ್ತ ತೋರಸದಿದ್ರ ನಾಳಿ ನಾ ತವರಮನಿಗಿ ಮಣ್ಣೂರಿಗಿ ಹೋಗ್ತೇನಿ. ಭೀಮಾ ಹೊಳಿ ನೋಡ್ಕೊಂತ ಕುಂದ್ರತೇನಿ. ಯಾವಾಗ ಬರ್ತೇನಿ ಅಂತ ಕೇಳಬ್ಯಾಡ್ರಿ.”

ತಮ್ಮ ಹೊಲದ ಭೂತಾಯಿಗೆ ಎಡೆಯ ಚರಗ ಚೆಲ್ಲುವ ಕೆಲಸ ತಮ್ಮನಿಗೆ ಒಪ್ಪಿಸಿ ದೇವಿಂದ್ರಪ್ಪ ಗಾಡಿ ಹೂಡಿದ.

ಎಳ್ಳಮಾಸಿಯ ದಿನ ನಮ್ಮ ಸೀಮೆಯಲ್ಲಿ ಯಾರ ಹೊಲದ ಬದು ತುಳಿದರೂ ಉಣ್ಣದೆ ಬಿಡುವುದಿಲ್ಲ. ಹಿಂದಿನ ವರ್ಷ ಹೊಲಗಳೆಲ್ಲ ಬಿಕೋ ಅಂದಿದ್ದವು. ಈ ಸಲ ಎರಡು ವರ್ಷದ ಊಟ ಒಂದೇ ದಿನ ಉಣಿಸುವ ಹಟ ಎಲ್ಲರಿಗೂ. ಊರ ಹೊರಗಿನ ಮೊದಲ ಹೊಲದಲ್ಲೇ ದೌಲತರಾಯ ಎತ್ತಿನ ಹಗ್ಗ ಹಿಡಿದ.

“ಏ ದೇವಿಂದ್ರಪ್ಪಾ, ಹೋದ ವರ್ಷ ಇದೇ ಹೊತ್ತಿಗಿ ಒಣಾ ರೊಟ್ಟಿಗಿ ಸಾಲು ನಿಂತಿದ್ವಿ. ಇವತ್ತ ನನ್ನ ಹೊಲದಾಗ ಉಣ್ಣದೇ ಹೋಗ್ತಿಯೇನಲೇ?”

ದೇವಿಂದ್ರಪ್ಪ ಗಾಡಿ ಇಳಿದು ಕೂತ. ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಕಡಬು, ಮೇಲೊಂದು ತಂಬಿಗೆ ಅಂಬಲಿ. ಎರಡನೇ ಹೊಲದಲ್ಲಿ ಅದೇ. ಮೂರನೆಯದರಲ್ಲಿ ಶೇಂಗಾ ಹೋಳಿಗೆಯೂ ಇತ್ತು. ಗುಡ್ಡ ಏರುವ ಹೊತ್ತಿಗೆ ದೇವಿಂದ್ರಪ್ಪ ಬಾಯಿ ಹೊಲಿದ ಜೋಳದ ಚೀಲದಂತೆ ಗಾಡಿಯಲ್ಲಿ ಒರಗಿದ್ದ. ದಾರಿಯ ಸಣ್ಣ ಗುಡಿಗಳಿಗೆ ಗೌರಾಬಾಯಿ ಇಳಿದಿಳಿದು ಕೈಮುಗಿದಳು. ಹೊತ್ತು ಮಾತ್ರ ಇಳಿಯುತ್ತಲೇ ಇತ್ತು.

ಗುಡ್ಡದ ನೆತ್ತಿಯಲ್ಲಿ, ಹಳ್ಳದ ದಂಡೆಗೆ ಮುದುಕ ಮಲ್ಲಣ್ಣನ ಹೊಲ. ಅಲ್ಲಿ ಬುಟ್ಟಿಯ ತುಂಬ ರೊಟ್ಟಿ ಕಂಡು ದೇವಿಂದ್ರಪ್ಪನ ಜೀವ ಹಾರಿತು.

“ಕಾಕಾ, ಮೊದಲ ಏನರ ಕೆಲಸ ಹೇಳ್ರಿ. ಮೈ ಆಡಿಸಿದ್ರ ಹೊಟ್ಟಿ ಸಡ್ಲ ಆಗ್ತದ.”

“ಇವತ್ತ ಭೂತಾಯಿಗಿ ನೇಗಿಲ ತಾಗಸೂ ಹಂಗಿಲ್ಲಪ್ಪಾ. ಬೇಕಿದ್ರ ಹಳ್ಳದ ನೀರು ಗೋದಿಗಿ ತಿರುವು.”

ಸಲಿಕೆ ಹಿಡಿದ ದೇವಿಂದ್ರಪ್ಪ ಕಲ್ಲು, ಕೆಸರು, ಹುಲ್ಲು ಸೇರಿಸಿ ಒಂದು ಹನಿಯೂ ಮುಂದೆ ಹೋಗದಂತೆ ಒಡ್ಡು ಹಾಕಿದ. ಮಲ್ಲಣ್ಣ ಎಲೆ ಹಾಸಲು ತಿರುಗಿದ್ದೇ ತಡ, ಹೆಂಡತಿಯನ್ನು ಕರೆದುಕೊಂಡು ಕಲ್ಲಿನ ಮೆಟ್ಟಿಲು ಇಳಿದು ಪಾರಾದ.

ಕೆಳಗೆ ಬಂಡೆಯ ಬುಡದಲ್ಲಿ ಮಲ್ಲಯ್ಯ ದೇವರ ಗುಡಿ. ಮೇಲಿನಿಂದ ಕೆಳಗಿನವರೆಗೆ ಕರಿ ಬಂಡೆ. ನೀರಿಲ್ಲ. ಗುಡಿಯ ಕಸ ಗುಡಿಸುತ್ತಿದ್ದ ಗುರಮ್ಮ ಸೊಂಟ ಹಿಡಿದು ಎದ್ದಳು.

“ಈಗಿನ್ನಾ ಬೀಳತಿತ್ತವ್ವಾ. ನಾ ಕೊಡ ತುಂಬಿ ತಿರುಗೂದ್ರಾಗ ನಿಂತ್ಹೋತು. ಮ್ಯಾಲ ಯಾವನೋ ಹುಚ್ಚ ಕಟ್ಟ್ಯಾನ ನೋಡು.”

ಗೌರಾಬಾಯಿ ಗಂಡನ ಮೊಣಕಾಲವರೆಗಿನ ಕೆಸರು ನೋಡಿದಳು. ಬೈಯಲಿಲ್ಲ.

“ಹತ್ತು ಸಲ ನೋಡೀರಲ್ಲ. ಹೆಂಗ ಬೀಳ್ತದ, ಬಾಯಿಲೇ ಹೇಳ್ರಿ.”

ಅದಕ್ಕಿಂತ ಗುಡ್ಡ ಏರುವುದೇ ಸುಲಭ ಅನಿಸಿತು ಅವನಿಗೆ. ಏದುಸಿರು ಬಿಡುತ್ತ ಮೇಲೆ ಬಂದರೆ ಒಡ್ಡಿನ ಮೇಲೆ ಮಲ್ಲಣ್ಣ ನಿಂತಿದ್ದ.

“ಕಾಕಾ, ನೀರು ಬಿಡ್ರಿ. ಆಕಿ ಕೆಳಗ ಕಾಯಾಕತ್ಯಾಳ.”

“ಬಿಡ್ತೇನಿ. ಎಳ್ಳಮಾಸಿ ದಿನ ನನ್ನ ಹೊಲದಿಂದ ಯಾರೂ ಉಣ್ಣದೇ ಓಡಿಹೋಗಿಲ್ಲ. ನೀ ಎಲಿ ಮುಂದ ಕುಂದ್ರು, ನಾ ಒಡ್ಡು ಒಡಿತೇನಿ. ನೀ ಎದ್ರ ಮತ್ತ ಕಟ್ಟತೇನಿ.”

ದೇವಿಂದ್ರಪ್ಪ ಕೂತ. ಒಡ್ಡು ಒಡೆಯಿತು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ದಬದಬ ಸಪ್ಪಳ, ಅದರ ಜೊತೆಗೇ ಗೌರಾಬಾಯಿಯ ನಗು. ಕ್ಯಾಂಪಿಗೆ ಹೋದಾಗಿನಿಂದ ಅವನು ಆ ನಗು ಕೇಳಿರಲಿಲ್ಲ. ಒಮ್ಮೆ ಬಗ್ಗಿ ನೋಡೋಣ ಎಂದು ಏಳಹೋದ. ಮಲ್ಲಣ್ಣ ಭುಜ ಒತ್ತಿ ಇನ್ನೊಂದು ಕಡಬು ಹಾಕಿದ.

ಎಲೆ ಬರಿದಾಗುವಷ್ಟರಲ್ಲಿ ಕತ್ತಲಾಯಿತು. ಗೌರಾಬಾಯಿ ತೊಯ್ದ ಸೆರಗು ಹಿಂಡುತ್ತ ಮೇಲೆ ಬಂದಳು. ಮುಖ ತೊಳೆದಿಟ್ಟ ತಂಬಿಗೆಯಂತೆ ಹೊಳೆಯುತ್ತಿತ್ತು.

“ಮುಂದಿನ ಎಳ್ಳಮಾಸಿಗಿ ನಮ್ಮವ್ವನ್ನೂ ಇಬ್ಬರು ತಂಗಿದೇರನ್ನೂ ಕರಕೊಂಡು ಬರೂಣ್ರಿ,” ಎಂದಳು. “ಅವ್ರನ್ನ ನಾ ಕೆಳಗ ಕರಕೊಂಡು ಹೋಗ್ತೇನಿ. ನೀವು ಇಲ್ಲೇ ಉಣ್ಕೊಂತ ಕುಂದರ್ರಿ.”