ಕಣ್ಣು ಮುಚ್ಚಿಸುವ ಭಾವ

ನಮ್ಮ ಭಾವನಷ್ಟು ಹೆದರುಪುಕ್ಕಲರು ತಮಿಳುನಾಡಿನ ಇಡೀ ಪಾಲಕೋಡು ತಾಲೂಕಿನಲ್ಲಿ ಇನ್ನೊಬ್ಬರಿಲ್ಲ. ಇದನ್ನು ನಾನು ಹೆಮ್ಮೆಯಿಂದ ಹೇಳುತ್ತಿದ್ದೇನೆ, ನಗಬೇಡಿ! ಹಾಗೆ ನೋಡಿದರೆ ಅವರು ಹಾವು ಹಿಡಿದು ಗೋಣಿಚೀಲಕ್ಕೆ ತುಂಬಿದವರು. ಹೊಗೆನಕಲ್ಲಿನಲ್ಲಿ ಹೊಳೆ ಕೆಂಪಗೆ ಉಕ್ಕುತ್ತಿದ್ದಾಗ, ಅಂಬಿಗನೇ ದೇವರ ಹೆಸರು ಹೇಳುತ್ತಿದ್ದರೂ, ಹರಿಗೋಲಿನಲ್ಲಿ ಕೂತು ಹುರಿದ ಮೀನಿನ ಮುಳ್ಳು ಬಿಡಿಸುತ್ತಿದ್ದವರು. ಅಂಥವರು ಈ ಲೋಕದಲ್ಲಿ ಹೆದರುತ್ತಿದ್ದದ್ದು ಒಂದಕ್ಕೇ. ತಮ್ಮದೇ ಅಂಗಡಿಯ ವೆಲ್ಡಿಂಗ್ ಮಿಷನ್ನಿಗೆ!

ತೊಂಬತ್ತರ ದಶಕದ ಮಾತು. ಭಾವನ ಅಂಗಡಿ ಬಸ್ ಸ್ಟಾಪಿನ ಎದುರಿಗಿತ್ತು, ಮನೆ ಅಂಗಡಿಯ ಹಿಂದೆ. ಅಪ್ಪ ಅವ್ವ ಇಲ್ಲದ ನಾನು ಅಕ್ಕನ ಆಶ್ರಯದಲ್ಲಿ ಅದೇ ಮನೆಯಲ್ಲಿದ್ದೆ, ಖಾಸಗಿ ಬಸ್ಸೊಂದರಲ್ಲಿ ಕಂಡಕ್ಟರಾಗಿದ್ದೆ. ಸಕ್ಕರೆ ಮಿಲ್ಲಿಗೆ ಕಬ್ಬು ಹೊರುವ ಟ್ರೈಲರುಗಳು, ಕಿಟಕಿಯ ಸರಳುಗಳು, ನೇಗಿಲು, ಗೇಟು, ಮುರಿದದ್ದೆಲ್ಲ ಭಾವನಲ್ಲಿಗೆ ಬರುತ್ತಿತ್ತು. ಬೇರೆ ಅಂಗಡಿಗಳಲ್ಲಾದರೆ ಬನಿಯನ್ನಿನಲ್ಲಿ ಕುಕ್ಕರಗಾಲಲ್ಲಿ ಕೂತು, ಮುಖ ಅತ್ತ ತಿರುಗಿಸಿ, ಅಂದಾಜಿನ ಮೇಲೆ ರಾಡು ತಾಗಿಸಿ ಕ್ಷಣದಲ್ಲಿ ಮುಗಿಸಿ ಕಳಿಸುತ್ತಿದ್ದರು. ನಮ್ಮ ಭಾವನದು ಹಾಗಲ್ಲ. ಒಂದು ಬೆಸುಗೆಗೆ ಒಂದು ಮದುವೆಯಷ್ಟು ಶಾಸ್ತ್ರ!

ಬೆಳಿಗ್ಗೆ ಮೊದಲು ಕೇಬಲ್ ಪರೀಕ್ಷೆ. ಕುರಿಯ ಮೈಯಲ್ಲಿ ಉಣ್ಣಿ ಹುಡುಕುವ ಹಾಗೆ, ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸಿ ಎಲ್ಲಾದರೂ ಸಿಪ್ಪೆ ಸುಲಿದಿದೆಯೇ ಎಂದು ನೋಡಬೇಕು. ಆಮೇಲೆ ನೆಲ ಮುಟ್ಟಿ ನೋಡಬೇಕು, ತೇವ ಇರಬಾರದು. ಅಕ್ಕ ಅಂಗಳಕ್ಕೆ ನೀರು ಹಾಕಿದ ದಿನ ಅಂಗಡಿ ಒಂದು ಗಂಟೆ ತಡ. ಆಕಾಶದಿಂದ ಒಂದು ಹನಿ ಬಿದ್ದರಂತೂ ಮುಗಿಯಿತು, ಮೈನ್ ಸ್ವಿಚ್ಚೇ ಕೆಳಗೆ! ಮೋಡ ನೋಡಿ ಸಂತೋಷಪಡುವ ನಮ್ಮ ಬರಡು ಸೀಮೆಯಲ್ಲಿ, ಮೋಡ ನೋಡಿ ಬೈಯುತ್ತಿದ್ದವರು ಇವರೊಬ್ಬರೇ.

ಇನ್ನು ಚಪ್ಪಲಿ. ಲೋಕದಲ್ಲೆಲ್ಲ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುವುದು ಮರ್ಯಾದೆ. ಭಾವನ ಅಂಗಡಿಗೆ ಬರಿಗಾಲಲ್ಲಿ ಬಂದವರು ಬಾಗಿಲಲ್ಲಿದ್ದ ಟೈರಿನ ಚಪ್ಪಲಿ ಮೆಟ್ಟಿಕೊಂಡು ಒಳಗೆ ಹೋಗಬೇಕು! ಒಮ್ಮೆ ಮಾರಮ್ಮನ ಗುಡಿಯ ಪೂಜಾರಿ ಮುರಿದ ತ್ರಿಶೂಲ ಹಿಡಿದು ಬಂದ. ಬೆಸುಗೆ ಮುಗಿಯುವವರೆಗೂ ಶೂಲದಿಂದ ಕಣ್ಣು ತೆಗೆಯುವುದಿಲ್ಲ, ಪಕ್ಕದಲ್ಲೇ ನಿಲ್ಲುತ್ತೇನೆ ಎಂದು ಅವನ ಹಟ. ಚಪ್ಪಲಿ ಹಾಕು ಎಂದು ಇವರ ಹಟ.

"ಅಮ್ಮನ ಸೂಲದ ಮುಂದೆ ಚಪ್ಲಿ ಮೆಟ್ಟಾದಾ? ಅಮ್ಮ ಬಿಡ್ತಾಳಾ?"

"ಅಮ್ಮ ತಪ್ಪು ಮನ್ನಿಸ್ತಾಳೆ ಸಾಮಿ. ಕರೆಂಟು ಮನ್ನಿಸಾಕಿಲ್ಲ."

ಕೊನೆಗೆ ಭಾವ ಒಳಗಿನಿಂದ ಊಟದ ಮಣೆ ತಂದು, ಒಣಗಿದೆಯೇ ಎಂದು ಮುಟ್ಟಿ ನೋಡಿ, ದೂರದಲ್ಲಿ ಗೋಡೆಯ ಬದಿಗೆ ಹಾಕಿ ಪೂಜಾರಿಯನ್ನು ಅದರ ಮೇಲೆ ನಿಲ್ಲಿಸಿದರು. ಪೂಜಾರಿಗೆ ಆದ ಸಂತೋಷ ಹೇಳತೀರದು! ಪಾಲಕೋಡಿನಲ್ಲಿ ತನಗೆ ಮಣೆ ಹಾಕಿ ಮರ್ಯಾದೆ ಮಾಡುವ ಮನೆ ಇದೊಂದೇ ಎಂದು ಆತ ಊರೆಲ್ಲ ಹೇಳಿಕೊಂಡು ತಿರುಗಿದ.

ಇಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಆದರೆ 'ಕಣ್ಣು' ಇತ್ತಲ್ಲ! ರಾಡು ತಾಗಿಸುವ ಮುಂಚೆ ಭಾವ ಎದ್ದುನಿಂತು, ಎದೆ ತುಂಬ ಉಸಿರು ಎಳೆದು, "ಕಣ್ಣೂ...!" ಎಂದು ಕೂಗುತ್ತಿದ್ದರು. ತಮಿಳರಿಗೂ ಕಣ್ಣು, ಕನ್ನಡದವರಿಗೂ ಕಣ್ಣು, ಯಾರಿಗೂ ಅನುವಾದ ಬೇಕಿರಲಿಲ್ಲ. ಎದುರಿನ ಟೀ ಅಂಗಡಿಯವನು ಟೀ ಎತ್ತಿ ಹೊಯ್ಯುವುದನ್ನು ನಿಲ್ಲಿಸಿ ಕಣ್ಣು ಮುಚ್ಚುತ್ತಿದ್ದ. ಟೊಮೇಟೊ ಬುಟ್ಟಿ ಹೊತ್ತ ಹೆಂಗಸರು ನಿಂತಲ್ಲೇ ಮುಚ್ಚುತ್ತಿದ್ದರು. ನಮ್ಮ ಬಸ್ಸಿನಲ್ಲಿ ಕೂತವರೂ ಮುಚ್ಚುತ್ತಿದ್ದರು. ಒಂದು ದಿನ ನೋಡುತ್ತೇನೆ, ನಮ್ಮ ಡ್ರೈವರಣ್ಣನೂ ಮುಚ್ಚಿಕೊಂಡಿದ್ದಾರೆ! ಬಸ್ಸು ನಿಂತಿತ್ತು, ನನ್ನ ಪುಣ್ಯ. ಈ ಸುದ್ದಿ ಕೇಳಿದ ಭಾವ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೆಯ ದಿನ, ಕುರಿ ಕಾಯುತ್ತಿದ್ದ ಅವರಪ್ಪನ ಕರಿ ಕಂಬಳಿಗಳನ್ನು ಪೆಟ್ಟಿಗೆಯಿಂದ ತೆಗೆದು, ರಸ್ತೆಯ ಕಡೆಗೆ ಪರದೆ ಕಟ್ಟಿಬಿಟ್ಟರು. ಪರದೆ ಬಂದಿತೆಂದು ಕೂಗು ನಿಂತಿತೇ? ಇಲ್ಲ! ಕಂಬಳಿಯಲ್ಲಿ ತೂತಿದ್ದರೆ?

ಕಂಬಳಿಯ ಮೇಲೆ ಅವರಿಗೆ ಅಪಾರ ನಂಬಿಕೆ. "ಉಣ್ಣೆ ಬೆಂಕಿ ಇಡ್ಕಳಾಕಿಲ್ಲ, ಕರಟಿ ಸುಮ್ಕಾಯ್ತದೆ" ಎನ್ನುತ್ತಿದ್ದರು. ಆ ಕಾಲದಲ್ಲೂ ನಮ್ಮ ಕಡೆಯವರಿಗೆ ಮಿರಿಮಿರಿ ಮಿಂಚುವ ಟೆರಿಲಿನ್ ಅಂಗಿಯ ಹುಚ್ಚು ಇಳಿದಿರಲಿಲ್ಲ. ಭಾವನಿಗೆ ಅದನ್ನು ಕಂಡರೆ ಆಗದು. ಟೆರಿಲಿನ್ ತೊಟ್ಟವರು ಅಂಗಡಿಯೊಳಗೆ ಬರಬೇಕಾದರೆ ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿ, ಕಂಬಳಿ ಹೊದೆಯಬೇಕು. ಬೇಸಿಗೆಯಲ್ಲೂ! ಅವರೋ, ಮೇ ತಿಂಗಳ ಬಿಸಿಲಿನಲ್ಲಿ ತುಂಬುತೋಳಿನ ಖಾಕಿ ಅಂಗಿ, ಅದರ ಮೇಲೆ ಕಂಬಳಿಯ ತುಂಡು, ಕೈಗವಸು, ಮುಖಕ್ಕೆ ಕರಿ ಗಾಜಿನ ಗುರಾಣಿ. ಸಂಜೆ ಎಲ್ಲ ಬಿಚ್ಚಿ ಹೊರಬಂದಾಗ ಬೆವರು ಸುರಿದು ಬಾವಿಯಿಂದ ಎದ್ದು ಬಂದವರಂತೆ ಕಾಣುತ್ತಿದ್ದರು.

ಇಂಥ ಮನೆಗೆ ನನ್ನ ಮದುವೆಯ ಮಾತು ಬಂತು ನೋಡಿ.

ಮೇಚೇರಿಯ ಹುಡುಗಿ. ನಮ್ಮ ಬಸ್ಸಿನಲ್ಲೇ ಎರಡು ಸಲ ಕಂಡಿದ್ದೆ. ಮೂರನೆಯ ಸಲ ಅವಳು ಸರಿಯಾದ ಚಿಲ್ಲರೆ ಕೊಟ್ಟು ನಕ್ಕಿದ್ದಳು. ಈ ಹುಡುಗಿ ಸಿಗದಿದ್ದರೆ ನನಗೆ ಮದುವೆಯೇ ಬೇಡ ಎಂದು ಅಕ್ಕನ ಹತ್ತಿರ ಹೇಳಿಬಿಟ್ಟೆ. ಅವಳಪ್ಪ ಕುರಿ ಸಾಕಿ, ಸಂತೆಯಲ್ಲಿ ಕುರಿ ಮಾರಿ ಮೇಲೆ ಬಂದವರು. ಹುಡುಗನನ್ನೂ ಮನೆಯನ್ನೂ ನೋಡಲು ಬರುತ್ತೇವೆ ಎಂದು ಹೇಳಿಕಳಿಸಿದರು. ನನಗಿದ್ದ ಹೆದರಿಕೆ ಒಂದೇ. ಮನೆಗೆ ಹೋಗಬೇಕಾದರೆ ಅಂಗಡಿಯೊಳಗಿಂದಲೇ ಹೋಗಬೇಕು!

"ಭಾವಾ, ಅವತ್ತೊಂದಿನ ಅಂಗಡಿ ಮುಚ್ಚಿಬಿಡಿ" ಎಂದು ಬೇಡಿಕೊಂಡೆ.

"ಸರಿ ಬಿಡ್ಲಾ ಮಚ್ಚಾ. ನಿನಗಿಂತ ಎಚ್ಚಾ?" ಎಂದರು.

ಆದರೆ ಆ ದಿನ ಬೆಳಿಗ್ಗೆಯೇ ಕಬ್ಬು ತುಂಬಿದ ಟ್ರೈಲರೊಂದು ಕೊಂಡಿ ಮುರಿದುಕೊಂಡು ಅಂಗಡಿಯ ಮುಂದೆ ನಿಂತಿತು. ಹಿಂದೆ ಸಾಲು ಬಸ್ಸು, ಲಾರಿ. ಭಾವ ಕೊಂಡಿ ಕಳಚಿಸಿ ಒಳಗೆ ತಂದು ಕೆಲಸಕ್ಕೆ ಕೂತರು. ಕೊಂಡಿ ಅರ್ಧ ಬೆಸೆದಿರುವಾಗ, ಹೊಚ್ಚ ಹೊಸ ಟೆರಿಲಿನ್ ಅಂಗಿಯಲ್ಲಿ ಮಿಂಚುತ್ತಾ ನನ್ನ ಭಾವೀ ಮಾವ ಇನ್ನಿಬ್ಬರು ಹಿರಿಯರ ಜೊತೆ ಬಸ್ಸಿಳಿದರು. ಆ ಇಬ್ಬರದು ಹತ್ತಿಯ ಅಂಗಿ, ಪಾರಾದರು. ಮಾವನನ್ನು ಭಾವ ಬಾಗಿಲಲ್ಲೇ ತಡೆದರು.

"ಬರ್ಬೇಕು ಬರ್ಬೇಕು. ಅಂಗಿ ಬಿಚ್ಚಿ."

ನಾನು ಮನೆಯ ಬಾಗಿಲ ಮರೆಗೆ ಸರಿದೆ.

"ಎನ್ನಪ್ಪಾ ಇದು! ಉಡುಗನ ಮನೆ ನೋಡಾಕೆ ಬಂದೋನ್ನ ಅಂಗಿ ಬಿಚ್ಚು ಅಂತೀರಾ?"

"ಅದು ಬಟ್ಟೆ ಅಲ್ಲ ಮಾವಾ, ಪ್ಲಾಸ್ಟಿಕ್ಕು. ಕಿಡಿ ಬಿದ್ರೆ ಕರಗಿ ಮೈಗೆ ಅಂಟ್ಕತೈತೆ. ಈ ಕಂಬ್ಳಿ ಒದ್ದಕಳಿ."

"ಮೂವತ್ತು ವರ್ಸ ಕಂಬ್ಳಿ ಒದ್ದು ಕುರಿ ಕಾದೆ ಕಣಪ್ಪಾ! ಬೀಗರ ಮನೆಗಾದ್ರೂ ಅಂಗಿ ಆಕ್ಕಂಡು ಓಗಾನ ಅಂತ ಇವತ್ತು ಬಂದ್ರೆ, ತಿರ್ಗಾ ಕಂಬ್ಳಿ ಒದಿಸ್ತೀಯಾ?"

ಭಾವ ಕದಲಲಿಲ್ಲ. ಕೈಯಲ್ಲಿ ಕಂಬಳಿ ಹಿಡಿದು ನಿಂತೇ ಇದ್ದರು. ಹಿಂದೆ ಬಸ್ಸುಗಳ ಹಾರನ್ ಸದ್ದು. ಮಾವ ಸಿಟ್ಟಿನಲ್ಲಿ ಮುಖ ಕೆಂಪಗೆ ಮಾಡಿಕೊಂಡು ಅಂಗಿ ಬಿಚ್ಚಿ ಮೊಳೆಗೆ ಹಾಕಿ ಕಂಬಳಿ ಹೊದ್ದರು. ಗೋಡೆಯ ಬದಿಗೆ ಮೂವರನ್ನೂ ಸಾಲಾಗಿ ನಿಲ್ಲಿಸಿ ಭಾವ "ಕಣ್ಣೂ...!" ಎಂದು ಕೂಗಿದರು. ಬೀಗರು ಬೆಚ್ಚಿ ಕಣ್ಣು ಮುಚ್ಚಿದರು. ಚರಚರ ಶಬ್ದ. ಸ್ವಲ್ಪ ಹೊತ್ತಿಗೆ ಕಿಡಿಯೊಂದು ಎಲ್ಲಿಂದಲೋ ಹಾರಿ ಬಂದು ಮಾವನ ಎದೆಯ ಮೇಲೆಯೇ ಕೂತಿತು. ಉಣ್ಣೆ ಕರಟಿದ ವಾಸನೆ ಎದ್ದಿತು. ಅಷ್ಟೇ, ಆರಿಹೋಯಿತು.

ಮಾವ ಕಣ್ಣು ಬಿಟ್ಟು ನೋಡಿಕೊಂಡರು. ಕಂಬಳಿಯಲ್ಲಿ ಕಡಲೆಕಾಯಿಯಷ್ಟು ಅಗಲ ಕರಕಲು. ಬೆರಳಲ್ಲಿ ಮುಟ್ಟಿದರು, ಮೂಸಿದರು. ಒಳಗೆ ಬಂದು, ನನ್ನ ಕಡೆ ತಲೆಯೂ ಎತ್ತದೆ, ಆ ಕರಕಲನ್ನೇ ನೋಡುತ್ತಾ ಅಕ್ಕ ಕೊಟ್ಟ ಕಾಫಿ ಕುಡಿದು, ಎದ್ದು ಹೋಗಿ ಬಸ್ಸು ಹತ್ತಿದರು. ಕಂಬಳಿ ಹೊದ್ದೇ ಹೋದರು! ಹೊಸ ಅಂಗಿ ಮೊಳೆಯಲ್ಲೇ ನೇತಾಡುತ್ತಿತ್ತು.

ಹುಡುಗಿ ಕೈತಪ್ಪಿದಳು ಎಂದು ನನಗೆ ಖಾತ್ರಿಯಾಯಿತು. ಇಲ್ಲದಿದ್ದರೆ ಹೊಸ ಅಂಗಿ ಬಿಟ್ಟು ಹೋಗುತ್ತಾರೆಯೇ? ನಾನು ನಾಲ್ಕು ದಿನ ಭಾವನ ಜೊತೆ ಮಾತು ಬಿಟ್ಟೆ. ಅವರು ಆ ಅಂಗಿಯನ್ನು ಒಗೆಸಿ, ಇಸ್ತ್ರಿ ಮಾಡಿಸಿ, ಕಾಗದದಲ್ಲಿ ಸುತ್ತಿಟ್ಟರು. ಐದನೆಯ ದಿನ ಮಾವನೇ ಬಂದಿಳಿದರು, ಹತ್ತಿಯ ಅಂಗಿಯಲ್ಲಿ. ಬಾಗಿಲಲ್ಲಿ ನಿಂತು, ಟೈರಿನ ಚಪ್ಪಲಿ ತಾವಾಗಿಯೇ ಮೆಟ್ಟಿಕೊಂಡು, ಒಳಗೆ ಬಂದು ಅಕ್ಕನಿಗೆ ಹೇಳಿದರು:

"ಎಣ್ಣು ಕೊಡ್ತೀನಿ ಕಣವ್ವಾ. ಮೊನ್ನೆ ಉಡುಗನ್ನ ನೋಡಾಕೆ ಅಂತ ಬಂದೆ. ಎಲ್ಲಿ ನೋಡಿದ್ದು? ಕಣ್ಣು ಮುಚ್ಚಿಸ್ಬಿಟ್ರಲ್ಲ! ಪರವಾಯಿಲ್ಲ. ಗುರುತಿಲ್ಲದ ನನ್ನ ಮೈಗೇ ಒಂದು ಕಿಡಿ ತಾಗಾಕೆ ಬಿಡ್ನಿಲ್ಲ ಈ ಮನೆ. ನನ್ನ ಮಗಳ್ನ ಬಿಡ್ತದಾ?"

ಹೀಗೆ, ನನ್ನ ಮುಖ ನೋಡದೆಯೇ ನನಗೆ ಹೆಣ್ಣು ಸಿಕ್ಕಿತು! ಅಂಗಿಯ ಪೊಟ್ಟಣವನ್ನು ಮಾವ ಹಿಂದಕ್ಕೆ ತೆಗೆದುಕೊಂಡರು. ಕಂಬಳಿಯನ್ನು ಮಾತ್ರ ಕೊಡಲಿಲ್ಲ. ಅದರ ಬದಲಿಗೆ ಮದುವೆಗೆ ಹೊಸದೊಂದು ಕಂಬಳಿ ನೇಯಿಸಿ ತಂದು, ಮಂಟಪದಲ್ಲಿ ಎಲ್ಲರ ಮುಂದೆ ಭಾವನಿಗೆ ಹೊದಿಸಿದರು.

ಮದುವೆಯಲ್ಲಿ ಎಲ್ಲ ಸುಸೂತ್ರವಾಗಿಯೇ ನಡೆಯಿತು, ಧರ್ಮಪುರಿಯಿಂದ ಕರೆಸಿದ ಫೋಟೋಗ್ರಾಫರ್ ಎರಡೂ ಕಡೆಯವರನ್ನು ಸಾಲಾಗಿ ನಿಲ್ಲಿಸುವವರೆಗೆ. ಆತ ಫ್ಲ್ಯಾಶು ಸರಿಮಾಡುವಾಗ ಒಮ್ಮೆ ಪಳಕ್ಕೆಂದು ನೀಲಿ ಬೆಳಕು ಚಿಮ್ಮಿತು. ಆತ ಮತ್ತೆ ಕ್ಯಾಮೆರಾ ಎತ್ತಿದ. ನನ್ನ ಪಕ್ಕದಲ್ಲಿ ಭಾವ ಎದೆ ತುಂಬ ಉಸಿರು ಎಳೆದುಕೊಳ್ಳುವುದು ನನಗೆ ಕೇಳಿಸಿತು. ತಡೆಯುವಷ್ಟರಲ್ಲಿ...

"ಕಣ್ಣೂ...!"

ಇಡೀ ಮದುವೆಮನೆ ಕಣ್ಣು ಮುಚ್ಚಿತು! ಫೋಟೋಗ್ರಾಫರ್ ತಲೆ ಚಚ್ಚಿಕೊಂಡು, "ಅಯ್ಯಾ, ದಯವು ಸೆಯ್ದು ಯಾರೂ ಕಣ್ಣು..." ಎಂದು ತಮಿಳಿನಲ್ಲಿ ಶುರುಮಾಡಿದ. ಅವನ ಬಾಯಿಂದ ಆ ಮಾತು ಬಿದ್ದದ್ದೇ ತಡ, ಮತ್ತೆ ಎಲ್ಲರೂ ಮುಚ್ಚಿಕೊಂಡರು. ಎರಡು ಸಲವೂ ಕ್ಯಾಮೆರಾ ಕ್ಲಿಕ್ಕೆಂದಿತ್ತು, ಅಷ್ಟರಲ್ಲಿ ರೀಲು ಮುಗಿಯಿತು. ಮದುಮಗಳೂ ನನ್ನ ಪಕ್ಕದಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿ ನಿಂತಿದ್ದಳು. ಅವಳು ನಮ್ಮ ಮನೆಯವಳಾದದ್ದು ತಾಳಿ ಕಟ್ಟಿದಾಗಲ್ಲ, ಆಗ!

ಆ ಫೋಟೋಗೆ ಭಾವ ಕಟ್ಟು ಹಾಕಿಸಿ ಅಂಗಡಿಯಲ್ಲಿ ಮೈನ್ ಸ್ವಿಚ್ಚಿನ ಮೇಲೆಯೇ ತೂಗುಹಾಕಿದರು. ನೋಡಿದವರೆಲ್ಲ, ಇದೇನು ಮದುವೆಯೋ ಸಾಮೂಹಿಕ ಪ್ರಾರ್ಥನೆಯೋ ಎಂದು ಕೇಳುತ್ತಿದ್ದರು. ನಾನೂ ನಗುತ್ತಿದ್ದೆ. ಒಂದು ದಿನ ನನ್ನ ಹೆಂಡತಿ ಅದನ್ನು ಒರೆಸುತ್ತಾ, "ಇಲ್ನೋಡಿ, ಅತ್ತಿಗೆಮ್ಮ ಕಣ್ಣೇ ಮುಚ್ಚಿಲ್ಲ" ಎಂದಳು.

ಹೌದು! ಅಷ್ಟು ಜನರಲ್ಲಿ ಅಕ್ಕನ ಕಣ್ಣು ಮಾತ್ರ ತೆರೆದಿತ್ತು. ಅದೂ ಕ್ಯಾಮೆರಾ ಕಡೆಗಲ್ಲ, ಭಾವನ ಕಡೆಗೆ. ಕೇಳಿದರೆ ಅಕ್ಕ ಮೊದಲು ನಾಚಿಕೊಂಡಳು. ಆಮೇಲೆ ಸೊಪ್ಪು ಬಿಡಿಸುತ್ತಾ ಹೇಳಿದಳು:

"ಮದ್ವೆಯಾದ ಒಸದ್ರಲ್ಲಿ ಅಂಗಡಿಗೆ ಬುತ್ತಿ ತಂದಿದ್ದೆ ಕಣ್ಲಾ. ಆಗ ಈ ಕೂಗೂ ಇರ್ನಿಲ್ಲ, ಪರದೇನೂ ಇರ್ನಿಲ್ಲ. ಒಸಾ ಗಂಡ, ಕಿಡಿ ಮಧ್ಯೆ ಕೂತವ್ರೆ. ನಾನೇನು ಬೆಳಕು ನೋಡ್ದೆನಾ? ಅವರ್ನ ನೋಡ್ತಾ ನಿಂತ್ಬಿಟ್ಟೆ. ಸಂಜೆಗೆ ಕಣ್ಣಾಗೆ ಮಣ್ಣು ಉಯ್ದಂಗಾಯ್ತು. ಎರಡು ದಿನ ರೆಪ್ಪೆ ಬಿಡಾಕಾಗ್ನಿಲ್ಲ. ಡಾಕ್ಟ್ರು ಮದ್ದು ಬಿಟ್ಟು, ಸರಿ ಓಗ್ತೈತೆ ಅಂದ್ರು. ಇವರು ನಂಬ್ಬೇಕಲ್ಲ! ಅಂಗಡಿ ಮುಚ್ಚಿ ತಲೆದೆಸೆಯಾಗೆ ಕೂತು, ಒದ್ದೆ ಬಟ್ಟೆ ಆಕ್ತಾ, ಗಳಿಗೆಗೊಂದ್ಸಲ 'ನಾನು ಕಾಣ್ತೀನಾ? ನಾನು ಕಾಣ್ತೀನಾ?' ಅಂತಿದ್ರು. ಮೂರನೇ ದಿನ ಕಣ್ಣು ಬಿಟ್ರೆ ಮೊದ್ಲು ಕಂಡಿದ್ದು ಅವರೇ. ಅತ್ತು ಅತ್ತು, ನನಗಿಂತ ಅವರ ಕಣ್ಣೇ ಊದಿತ್ತು."

"ಅಂಗಾದ್ರೆ ನೀನೇ ಮೊದ್ಲು ಮುಚ್ಕಬೇಕಲ್ಲಕ್ಕಾ!"

"ಮುಚ್ಕತೀನಿ. ಎಲ್ಲಾರಿಗಿಂತ ಕಡೆಗೆ. ಅಂಗೆ ಕೂಗ್ವಾಗ ಅವರ ಮುಖ ನೀನ್ಯಾವತ್ತಾರ ನೋಡಿದ್ಯಾ? ನೀವೆಲ್ಲಾ ಮುಚ್ಕಂಡಿರ್ತೀರಿ, ಎಲ್ಲಿ ನೋಡೀರಿ!"

ಮರುದಿನ ಬೆಳಿಗ್ಗೆ ಡ್ಯೂಟಿಗೆ ಹೊರಟವನು ಅಂಗಡಿಯಲ್ಲಿ ನಿಂತೆ. ಭಾವ ಎದ್ದುನಿಂತು "ಕಣ್ಣೂ...!" ಎಂದರು. ಅಷ್ಟು ವರ್ಷಗಳಲ್ಲಿ ಮೊದಲ ಸಲ ನಾನು ಮುಚ್ಚಲಿಲ್ಲ. ರಾಡು ಇನ್ನೂ ಕೈಯಲ್ಲೇ ಇತ್ತು. ಭಾವ ಗುರಾಣಿ ಕೆಳಗಿಟ್ಟುಕೊಂಡು, ಪರದೆಯ ಅಂಚಿನಿಂದ ಟೀ ಅಂಗಡಿಯ ಕಡೆ ನೋಡಿದರು, ಬಸ್ ಸ್ಟಾಪಿನ ಕಡೆ ನೋಡಿದರು, ಕೊನೆಗೆ ಮನೆಯ ಬಾಗಿಲಿನ ಕಡೆ ತಿರುಗಿದರು. ಅಲ್ಲಿ ಅಕ್ಕ ಲೋಟ ಹಿಡಿದು ನಿಂತಿದ್ದಳು. ಆಗ ಅವರ ಮುಖದ ಮೇಲೆ ಬಂದ ಹೆದರಿಕೆಯನ್ನು ನಾನು ಏನೆಂದು ಹೇಳಲಿ! ಇಷ್ಟು ಕಾಲ ಈ ಹೆದರಿಕೆಯನ್ನೇ ಅಲ್ಲವೇ ನಾನು ಬಸ್ಸಿನ ತುಂಬ ಹೇಳಿ ನಗಿಸಿದ್ದು? ಅಕ್ಕ ಅವರನ್ನು ಕಣ್ತುಂಬ ಒಂದು ಸಲ ನೋಡಿ, ಸಣ್ಣಗೆ ನಕ್ಕು, ಆ ಕಡೆ ತಿರುಗಿ ನಿಂತಳು. ಆಮೇಲೆಯೇ ಅವರ ಗುರಾಣಿ ಮೇಲೆದ್ದದ್ದು.

ಅಷ್ಟರಲ್ಲಿ ಅವರಿಗೆ ನಾನು ಕಂಡೆ.

"ಲೇ ಮಚ್ಚಾ! ನಿನಗೆ ಬ್ಯಾರೆ ಏಳ್ಬೇಕಾ? ಕಣ್ಣು!"

ಮುಚ್ಚಿಕೊಂಡೆ. ಮುಚ್ಚಿಕೊಳ್ಳದಿದ್ದರೂ ಏನೂ ಕಾಣುತ್ತಿರಲಿಲ್ಲ, ಕಣ್ಣು ತುಂಬಿ ಬಂದಿತ್ತು.