ಜಪಾನಿ ಸೈಟಿಗೆ ಮೊದಲ ಬಹುಮಾನ

ಸುತ್ತ ಕಂದಕ, ನಾಲ್ಕು ಕಡೆ ಮಣ್ಣಿನ ಒಡ್ಡು, ನಡುವೆ ಬರೀ ಖಾಲಿ. ಒಳಗೆ ಯಾರಿದ್ದಾರೆ ಹೇಳಿ? ಆಗಲ್ಲ ಬಿಡಿ, ತೀರ್ಪುಗಾರರಿಗೇ ಆಗಲಿಲ್ಲ.

2016ರ ದಸರಾಕ್ಕೆ ಕಡಲಾಚೆಯ ಪಿಯಾರಾ ವಾಟರ್ಸ್‌ನ ನಮ್ಮ ಮನೆಯಲ್ಲಿ ಗೊಂಬೆ ಕೂರಿಸುವ ಮೆಟ್ಟಿಲು ಸಿದ್ಧವಿತ್ತು, ಗೊಂಬೆ ಇರಲಿಲ್ಲ. ಅಮ್ಮನ ಮದುವೆಯಲ್ಲಿ ಕೊಟ್ಟಿದ್ದ ಮರದ ರಾಜ-ರಾಣಿಯನ್ನು ಅಜ್ಜಿ ಮೈಸೂರಿಂದ ಕಳಿಸಿದ್ದರು. ಹುಳ ಹಿಡಿದಿದೆಯೆಂದು, ಹೊರದೇಶದ ಸಾಮಾನು ತಪಾಸಣೆ ಮಾಡುವ ಕ್ವಾರಂಟೈನಿನವರು ತಡೆದಿಟ್ಟಿದ್ದರು.

"ಖಾಲಿ ಮೆಟ್ಟಿಲಿಗೆ ಆರತಿ ಎತ್ತಲೇನೋ?" ಅಂತ ಅಮ್ಮ ಕಣ್ಣೊರೆಸಿಕೊಂಡಳು.

ನಾನು ಗ್ಯಾರೇಜಿಂದ ನನ್ನ ಸ್ಕೂಲ್ ಪ್ರಾಜೆಕ್ಟ್ ತಂದು ಮೇಲಿನ ಮೆಟ್ಟಿಲ ಮೇಲಿಟ್ಟೆ. ಮಧ್ಯಯುಗದ ಜಪಾನಿ ಸರದಾರನ ಕೋಟೆಮನೆ ಮಾಡಿ ತರಬೇಕಿತ್ತು. ಮನೆ ಕಟ್ಟೋ ಕಷ್ಟ ಯಾರಿಗೆ ಬೇಕು? ಟ್ರೇನಲ್ಲಿ ಮಣ್ಣು ಸುರಿದು, ಒಡ್ಡು ಕಂದಕ ಮಾಡಿ, 'ಇಲ್ಲಿ ಕೋಟೆಮನೆ ಇತ್ತು' ಅಂತ ಬೋರ್ಡು ನೆಟ್ಟಿದ್ದೆ. ಮಿಸ್ ಫೇಲ್ ಮಾಡಿದ್ದರು.

ಸಂಜೆ ಗೊಂಬೆ ಸ್ಪರ್ಧೆಗೆಂದು ಕನ್ನಡ ಸಂಘದ ತೀರ್ಪುಗಾರರು ಬಂದರು. ಕಾರ್ಯದರ್ಶಿ ಉದಯಶಂಕರ್ ಅಂಕಲ್ ಬಗ್ಗಿ ನೋಡಿದರು.

"ಏನಪ್ಪಾ ಇದು?"

"ಜಪಾನಿ ಸರದಾರನ ಸೈಟು ಅಂಕಲ್. ಮನೆ ಬಿದ್ದೋಗಿದೆ."

ಸೈಟು ಅಂದಕೂಡಲೇ ಬೆಂಗಳೂರಿನವರಾದ ಅಂಕಲ್ ಮುಖದಲ್ಲಿ ಭಕ್ತಿ ಮೂಡಿತು. "ಈಸ್ಟ್ ಫೇಸಿಂಗಾ?"

"ಹೂಂ, ಕಾರ್ನರ್ ಬೇರೆ."

"ಗೊಂಬೆ ಎಲ್ರೀ ದೇವಕಿ?" ಜೊತೆಗೆ ಬಂದಿದ್ದ, ಹೋದ ವರ್ಷ ಗೆದ್ದಿದ್ದ ದಾಕ್ಷಾಯಣಿ ಆಂಟಿ ಅಮ್ಮನನ್ನು ಚುಚ್ಚಿದರು.

"ಒಳಗಿದಾರೆ ಆಂಟಿ," ಅಂದೆ. "ಐತಿಹಾಸಿಕವಾಗಿ."

ಮರುದಿನ ಸಂಘದ ಪ್ರಕಟಣೆ ಹೊರಬಿತ್ತು: 'ಸದರಿ ನಿವೇಶನಕ್ಕೆ ಮೊದಲ ಬಹುಮಾನ ನೀಡಿ, ಸಂರಕ್ಷಿತ ಸ್ಮಾರಕವೆಂದು ಘೋಷಿಸಲಾಗಿದೆ. ಮುಂದಿನ ಆದೇಶದವರೆಗೆ ಅದರ ಮೇಲಾಗಲಿ, ಕೆಳಗಿನ ಮೆಟ್ಟಿಲುಗಳ ಮೇಲಾಗಲಿ ಗೊಂಬೆ ಕೂರಿಸತಕ್ಕದ್ದಲ್ಲ.'

ಮುಂದಿನ ದಸರಾಕ್ಕೆ ದಾಕ್ಷಾಯಣಿ ಆಂಟಿ ತಮ್ಮ ಗೊಂಬೆಗಳನ್ನೆಲ್ಲ ಗ್ಯಾರೇಜಿಗೆ ಹಾಕಿ, ನರ್ಸರಿಯಿಂದ ಮಣ್ಣು ತರಿಸಿದರು. ಊರಲ್ಲಿ ಎಲ್ಲರ ಮನೆಯಲ್ಲೂ ಸೈಟೇ. "ಎಷ್ಟು ಚೆನ್ನಾಗಿ ಖಾಲಿ ಇದೆ!" ಅಂತ ಜನ ಹೊಗಳಿ, ಕಡಲೆಕಾಳು ಉಸಲಿ ತಿಂದು ಹೋದರು. ಗೊಂಬೆ ಕಂಡುಬಂದಲ್ಲಿ ಸ್ಪರ್ಧೆಯಿಂದ ಅನರ್ಹ ಎಂಬ ನಿಯಮವೂ ಬಂತು. ಯಾರೂ ಆಕ್ಷೇಪಿಸಲಿಲ್ಲ.

ವಿಜಯದಶಮಿಯ ದಿನ ಕ್ವಾರಂಟೈನಿನವರೇ ವ್ಯಾನಿನಲ್ಲಿ ಬಂದರು. ರಾಜ-ರಾಣಿಯನ್ನು ಅಮ್ಮನ ಕೈಗಿಟ್ಟು, "ಹುಳ ಇರಲಿಲ್ಲಮ್ಮ, ತಪ್ಪಾಯ್ತು" ಅಂದರು. ಅಮ್ಮ ನಿಯಮ ಗಾಳಿಗೆ ತೂರಿ ಇಬ್ಬರನ್ನೂ ಸೈಟಿನ ನಡುವೆ ಕೂರಿಸಿದಳು. ತೀರ್ಪಿಗೆ ಬಂದಿದ್ದ ಉದಯಶಂಕರ್ ಅಂಕಲ್ ಎದ್ದು ನಿಂತು ಕೈಮುಗಿದರು.

ಈ ವ್ಯಾನಿನ ಕತೆ ಮಾತ್ರ ನಾನು ಕಟ್ಟಿದ್ದು. ರಾಜ-ರಾಣಿಯನ್ನು ಕ್ವಾರಂಟೈನಿನವರು ಹಿಂದಿನ ವರ್ಷವೇ ಸುಟ್ಟುಬಿಟ್ಟಿದ್ದರು. ಈಗಲೂ ದಸರಾ ಬಂದರೆ ಅಮ್ಮ ಆ ಖಾಲಿ ಮಣ್ಣಿಗೇ ಆರತಿ ಎತ್ತುತ್ತಾಳೆ, ನಾವೆಲ್ಲ ಸಾಲಾಗಿ ನಿಂತು ಹಾಡ್ತೀವಿ.